ಉಂಡದ್ದು ಅರಗುತ್ತಿರುವಾಗ ಹೊಟ್ಟೆಯಲ್ಲಿ ಏನನ್ನು ಹುಡುಕುವುದು?

ಜಠರದ ಕ್ಯಾನ್ಸರಿನಿಂದ ತೀರಿಕೊಂಡ ದೊಡ್ಡಪ್ಪನ ಶಿವಗಣಾರಾಧನೆ ಮುಗಿದ ಸಂಜೆ. ಪೆಂಡಾಲಿನವರು ಕಂಬ ಕೀಳುತ್ತಿದ್ದರು. ದೊಡ್ಡಪ್ಪನ ಮಗ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತ. ನನಗಿಂತ ಏಳು ವರ್ಷಕ್ಕೆ ಚಿಕ್ಕವನು, ಈಗ ನಲವತ್ತೆರಡು. ಮಲೇಬೆನ್ನೂರಿನ ಕಡೆ ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುತ್ತಾನೆ, ಮುದ್ದೆ ಊಟ ಸಲೀಸಾಗಿ ಅರಗಿಸಿಕೊಳ್ಳುತ್ತಾನೆ, ಒಂದು ದಿನವೂ ಹೊಟ್ಟೆನೋವು ಎಂದವನಲ್ಲ.

"ಅಕ್ಕಾ, ಅಪ್ಪಂಗೆ ಬಂದದ್ದು ನನಗೂ ಬರ್ತತೇನು? ನಾನೂ ಒಂದ್ಸಲ ಪೈಪ್ ಬಿಟ್ಟು ನೋಡಿಸಿಬಿಡ್ಲಾ?"

ಜೇಬಿನಿಂದ ಮಡಚಿದ ಕರಪತ್ರವೊಂದನ್ನೂ ತೆಗೆದ. ದಾವಣಗೆರೆಯಲ್ಲಿ ಯಾರೋ ಕೈಗೆ ಕೊಟ್ಟದ್ದು. ರಕ್ತ ಪರೀಕ್ಷೆ ಮಾಡಿಸಿದರೆ ಹೊಟ್ಟೆಯ ಸೋಂಕೂ ಕ್ಯಾನ್ಸರಿನ ಅಪಾಯವೂ ಮೊದಲೇ ಗೊತ್ತಾಗುತ್ತದೆ ಎಂದು ಅದರಲ್ಲಿತ್ತು. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ಆ ಸೋಂಕಿನ ಹೆಸರು, ಅದರ ಆಕಾರ, ಕಂಡುಹಿಡಿದವರು ಯಾರು ಎಂಬುದೆಲ್ಲ ಬಾಯಿಗೆ ಬರುತ್ತದೆ. ಆದರೂ ಅವನ ಪ್ರಶ್ನೆಗೆ ಆ ಸಂಜೆ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಓದಿದೆ, ಬಲ್ಲ ವೈದ್ಯರನ್ನು ಕಾಡಿದೆ. ಒಂದೇ ಕಟ್ಟೆಯ ಮೇಲೆ ಕೂತಿದ್ದ ಅವನಿಗೂ ನನಗೂ ಈ ಪ್ರಶ್ನೆಯ ಉತ್ತರ ಬೇರೆ ಬೇರೆ ಎಂಬುದು ಹಾಗೆ ತಿಳಿಯಿತು. ಅದು ಹೇಗೆ ಎಂದು ಬಿಡಿಸಿ ಹೇಳಬೇಕೆನಿಸಿದೆ, ಏಕೆಂದರೆ ಇಂಥ ಕರಪತ್ರ ನಮ್ಮ ಊರುಗಳ ಎಷ್ಟೋ ಜೇಬುಗಳಲ್ಲಿದೆ.

ಮೊದಲು ಆ ಜೀವಿಯ ವಿಷಯ. ಹೆಲಿಕೋಬ್ಯಾಕ್ಟರ್ ಪೈಲೋರಿ ಎನ್ನುವ ಸುರುಳಿಯಾಕಾರದ ಬ್ಯಾಕ್ಟೀರಿಯಾ ನಮ್ಮ ಜಠರದ ಒಳಗೋಡೆಗೆ ಹೊದಿಸಿದ ಲೋಳೆಯಲ್ಲಿ ವಾಸಿಸುತ್ತದೆ. ವೈದ್ಯರ ಬಾಯಲ್ಲಿ ಇದು ಎಚ್. ಪೈಲೋರಿ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂದೇ ಬಹಳ ಕಾಲ ನಂಬಿದ್ದರು. ಇದು ಬದುಕುವುದಕ್ಕೆ ಯೂರಿಯೇಸ್ ಎಂಬ ಕಿಣ್ವ ಕಾರಣ. ಹೊಟ್ಟೆಯಲ್ಲಿರುವ ಯೂರಿಯಾವನ್ನು ಆ ಕಿಣ್ವ ಒಡೆದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಅಮೋನಿಯಾ ಸುತ್ತಲಿನ ಆಮ್ಲದ ಹರಿತವನ್ನು ತಗ್ಗಿಸುತ್ತದೆ. ಗದ್ದೆಗೆ ಚೆಲ್ಲುವ ಅದೇ ಯೂರಿಯಾ ಎಂದು ಆಮೇಲೊಮ್ಮೆ ಹೇಳಿದಾಗ ತಮ್ಮನಿಗೆ ಇದು ತಟ್ಟನೆ ಹತ್ತಿತು. ಈ ಕಿಣ್ವವನ್ನು ನೆನಪಿನಲ್ಲಿಡಿ, ಮುಂದೆ ಪರೀಕ್ಷೆಯ ವಿಷಯಕ್ಕೆ ಬೇಕಾಗುತ್ತದೆ.

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ರೋಗಶಾಸ್ತ್ರಜ್ಞರು 1979ರಲ್ಲೇ ಜಠರದ ಚೂರುಗಳಲ್ಲಿ ಈ ಬ್ಯಾಕ್ಟೀರಿಯಾವನ್ನು ಕಂಡಿದ್ದರು. ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು ಅವರ ಜೊತೆಗೂಡಿದರು. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಲು ಮಾಡಿದ ಪ್ರಯತ್ನಗಳೆಲ್ಲ ಸೋಲುತ್ತಿದ್ದವು, ಏಕೆಂದರೆ ಎರಡು ದಿನಕ್ಕೆ ತಟ್ಟೆಗಳನ್ನು ಎಸೆದುಬಿಡುತ್ತಿದ್ದರು. 1982ರ ಈಸ್ಟರ್ ರಜೆಗೆ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು, ಬ್ಯಾಕ್ಟೀರಿಯಾ ಬೆಳೆದಿತ್ತು. ಜಠರದ ಉರಿಯೂತಕ್ಕೆ ಇದೇ ಕಾರಣ ಎಂದರೆ ಯಾರೂ ಒಪ್ಪದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ಕದಡಿ ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ ಶುರುವಾಯಿತು. ಎಂಡೋಸ್ಕೋಪಿ ಮಾಡಿದಾಗ, ಅಂದರೆ ಬಾಯಿಂದ ಕ್ಯಾಮೆರಾದ ಪೈಪ್ ಇಳಿಸಿ ನೋಡಿದಾಗ, ಜಠರ ಕೆಂಪಾಗಿ ಉರಿಯೂತಗೊಂಡಿತ್ತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಅದಕ್ಕೂ ಮುನ್ನ 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಸೋಂಕನ್ನು ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಗೆ ಸೇರಿಸಿತ್ತು. ತಂಬಾಕು ಇರುವುದೂ ಅದೇ ದರ್ಜೆಯಲ್ಲಿ.

ಇಷ್ಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಇದು ಇದೆ ಎಂದು ಬಹುಕಾಲದ ಅಂದಾಜು. ನಮ್ಮ ದೇಶದಲ್ಲಿ ಅರ್ಧಕ್ಕೂ ಮೇಲೆ. ಬಹುತೇಕ ಸೋಂಕು ತಗಲುವುದು ಎಳವೆಯಲ್ಲಿ, ಮನೆಯೊಳಗೇ, ಬಾಯಿಂದ ಬಾಯಿಗೆ ಇಲ್ಲವೇ ಕೊಳಕು ನೀರು, ಕೈಗಳ ಮೂಲಕ. ತಾಯಿ ಅಗಿದು ತಿನ್ನಿಸುವ ತುತ್ತೂ ಒಂದು ದಾರಿ. ಮನುಷ್ಯ ಆಫ್ರಿಕಾದಿಂದ ಹೊರಟಾಗಲೇ, ಅಂದರೆ ಸುಮಾರು 58 ಸಾವಿರ ವರ್ಷಗಳ ಹಿಂದೆಯೇ, ಇದು ಅವನ ಹೊಟ್ಟೆಯಲ್ಲಿ ಪಯಣಿಸಿತ್ತು ಎಂದು ಬ್ಯಾಕ್ಟೀರಿಯಾದ ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಇಷ್ಟು ಹಳೆಯ ನಂಟಿನಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಸೋಂಕಿರುವ ನೂರು ಜನರಲ್ಲಿ ಸುಮಾರು ಹತ್ತು ಮಂದಿಗೆ ಎಂದಾದರೂ ಹುಣ್ಣಾಗುತ್ತದೆ. ಜಠರದ ಕ್ಯಾನ್ಸರ್ ಆಗುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ಆ ಒಬ್ಬರಿಗೆ ಆಗುವುದಾದರೂ ಹೇಗೆ? ಕೊಲಂಬಿಯಾ ಮೂಲದ ಪೆಲಾಯೊ ಕೊರಿಯಾ ಎಂಬ ವಿಜ್ಞಾನಿ ಇದರ ಮೆಟ್ಟಿಲುಗಳನ್ನು ಗುರುತಿಸಿದರು. ನಮ್ಮ ಗದ್ದೆಗಳನ್ನು ನೋಡಿದವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನೀರು ಬಸಿಯದೆ ವರ್ಷಗಟ್ಟಲೆ ನಿಂತ ಗದ್ದೆ ನಿಧಾನಕ್ಕೆ ಸವಳಾಗುತ್ತದೆ. ಮೊದಮೊದಲು ಭತ್ತದ ಇಳುವರಿ ಕಡಿಮೆ, ಆಮೇಲೆ ಅಲ್ಲಲ್ಲಿ ಬೋಳು, ಕಡೆಗೆ ಭತ್ತದ ಜಾಗದಲ್ಲಿ ಜೇಕು ಎಂಬ ಕಳೆ. ಜಠರದಲ್ಲೂ ಮೊದಲು ಬರುವುದು ಬರೀ ಉರಿಯೂತ. ಅದು ದಶಕಗಟ್ಟಲೆ ಹೊಗೆಯಾಡಿದರೆ ಆಮ್ಲ ಸುರಿಸುವ ಗ್ರಂಥಿಗಳು ಸವೆದು ಗೋಡೆ ತೆಳುವಾಗುತ್ತದೆ. ಆ ಬೋಳು ಜಾಗದಲ್ಲಿ ಜಠರದ ಜೀವಕೋಶಗಳ ಬದಲು ಕರುಳಿನಲ್ಲಿರುವಂಥ ಜೀವಕೋಶಗಳು ಹುಟ್ಟಿಕೊಳ್ಳುತ್ತವೆ. ಇದನ್ನು ವೈದ್ಯರು ಇಂಟೆಸ್ಟೈನಲ್ ಮೆಟಾಪ್ಲೇಸಿಯಾ ಎನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಜೇಕು ಹುಟ್ಟಿದ ಹಂತ. ಅದರಲ್ಲಿ ಕೆಲವು ಜೀವಕೋಶಗಳ ರೂಪ ಕೆಟ್ಟು ಡಿಸ್‌ಪ್ಲೇಸಿಯಾ ಆಗುತ್ತದೆ, ಅದರಾಚೆಗೆ ಕ್ಯಾನ್ಸರ್. ಈ ದಾರಿ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳದ್ದು. ಹೆಚ್ಚಿನವರು ನಡುವಿನ ಯಾವುದೋ ಮೆಟ್ಟಿಲಲ್ಲೇ ಉಳಿಯುತ್ತಾರೆ. ನೆದರ್ಲೆಂಡ್ಸಿನ ದೊಡ್ಡದೊಂದು ಅಧ್ಯಯನದಲ್ಲಿ ಜೇಕಿನ ಹಂತ ತಲುಪಿದವರಲ್ಲೂ ವರ್ಷಕ್ಕೆ ಕ್ಯಾನ್ಸರ್ ಆದದ್ದು ನೂರಕ್ಕೆ 0.25ರಷ್ಟು, ಅಂದರೆ 400 ಜನರಲ್ಲಿ ಒಬ್ಬರಿಗೆ. ಎಲ್ಲ ಜಠರ ಕ್ಯಾನ್ಸರುಗಳೂ ಈ ಮೆಟ್ಟಿಲುಗಳನ್ನೇ ಹತ್ತಿ ಬರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೆಲವು ಕುಟುಂಬಗಳಲ್ಲಿ ಸಿಡಿಎಚ್1 ಎಂಬ ವಂಶವಾಹಿಯ ದೋಷದಿಂದ ಎಳೆಯ ವಯಸ್ಸಿನಲ್ಲೇ ಬರುವ ಬೇರೆ ಬಗೆ ಇದೆ. ಒಂದೇ ಮನೆಯಲ್ಲಿ ಹಲವರಿಗೆ, ಅದೂ ಚಿಕ್ಕ ಪ್ರಾಯದಲ್ಲಿ ಬಂದಿದ್ದರೆ ಅದರ ಪರೀಕ್ಷೆಯೇ ಬೇರೆ.

ಜೇಕು ಹುಟ್ಟುವ ಮುನ್ನ ನೀರು ಬಸಿದರೆ ಗದ್ದೆ ಸುಧಾರಿಸುತ್ತದೆ, ಹುಟ್ಟಿ ಬೇರೂರಿದ ಮೇಲೆ ಬಸಿದರೂ ಹಳೆಯ ಗದ್ದೆ ಮರಳುವುದು ಕಷ್ಟ. ಈ ಮಾತಿಗೆ ಒಳ್ಳೆಯ ಸಾಕ್ಷಿ ಚೀನಾದ ಫೂಜಿಯಾನ್ ಪ್ರಾಂತ್ಯದ್ದು. ಸೋಂಕಿದ್ದೂ ಆರೋಗ್ಯವಾಗಿದ್ದ 1,630 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೋಂಕು ತೊಲಗಿಸುವ ಔಷಧಿ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟು ಏಳೂವರೆ ವರ್ಷ ಹಿಂಬಾಲಿಸಿದರು. 2004ರಲ್ಲಿ ಫಲಿತಾಂಶ ಬಂತು. ಔಷಧಿ ಪಡೆದವರಲ್ಲಿ 7 ಜನರಿಗೆ ಕ್ಯಾನ್ಸರ್, ಪಡೆಯದವರಲ್ಲಿ 11 ಜನರಿಗೆ. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು, ಅದರ ಮೇಲೆ ಏನನ್ನೂ ಕಟ್ಟಲಾಗದು. ಆದರೆ ಜಠರದ ಗೋಡೆ ಇನ್ನೂ ಕೆಡದವರನ್ನು ಮಾತ್ರ ಬೇರೆ ಮಾಡಿ ಎಣಿಸಿದಾಗ ಔಷಧಿ ಪಡೆದವರಲ್ಲಿ ಒಬ್ಬರಿಗೂ ಇಲ್ಲ, ಪಡೆಯದವರಲ್ಲಿ 6. ಓದುತ್ತಾ ಓದುತ್ತಾ ನನಗೆ ಅತ್ಯಂತ ಮುಖ್ಯ ಎನಿಸಿದ್ದು ಈ ಸೊನ್ನೆ ಮತ್ತು ಆರು.

ಹಾಗಾದರೆ ಎಲ್ಲರಿಗೂ ಪರೀಕ್ಷೆ ಮಾಡಿ ಎಲ್ಲರಿಗೂ ಔಷಧಿ ಕೊಟ್ಟುಬಿಡಬಾರದೇ? ನ್ಯಾಯವಾದ ಪ್ರಶ್ನೆ. ಕೆಲವು ದೇಶಗಳು ಹೆಚ್ಚುಕಡಿಮೆ ಹಾಗೆಯೇ ಮಾಡಿವೆ. ಜಪಾನಿನಲ್ಲಿ ಜಠರದ ಕ್ಯಾನ್ಸರ್ ಮನೆಮನೆಯ ಸಂಕಟವಾಗಿತ್ತು. ಅಲ್ಲಿ 1960ರ ದಶಕದಿಂದಲೇ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುವ ತಪಾಸಣೆ ಇದೆ. 2013ರಲ್ಲಿ ಬರೀ ಉರಿಯೂತವಿದ್ದವರ ಸೋಂಕು ಚಿಕಿತ್ಸೆಗೂ ಸರ್ಕಾರಿ ವಿಮೆ ವಿಸ್ತರಿಸಿತು. ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಊರಿಗೆ ಊರೇ ಪರೀಕ್ಷೆ ಮಾಡಿ ಸೋಂಕು ತೊಲಗಿಸುತ್ತಾ ಬಂದರು. ಹದಿನೈದು ವರ್ಷಗಳ ಅವಧಿಯಲ್ಲಿ ಹೊಸ ಕ್ಯಾನ್ಸರುಗಳು ಹಿಂದಿನದಕ್ಕೆ ಹೋಲಿಸಿದರೆ ಅರ್ಧಕ್ಕಿಂತಲೂ ಕೆಳಗಿಳಿದವು.

ನಮ್ಮಲ್ಲಿ ವಿಚಿತ್ರವೊಂದಿದೆ. ಸೋಂಕು ಇಷ್ಟು ವ್ಯಾಪಕವಾಗಿದ್ದರೂ ಜಠರದ ಕ್ಯಾನ್ಸರ್ ಜಪಾನ್, ಕೊರಿಯಾಗಳಷ್ಟು ಇಲ್ಲ. ತಜ್ಞರು ಇದನ್ನು ಭಾರತದ ಒಗಟು ಎಂದೇ ಕರೆಯುತ್ತಾರೆ. ಬ್ಯಾಕ್ಟೀರಿಯಾದ ತಳಿ ಬೇರೆ, ಊಟ ಬೇರೆ, ಉಪ್ಪು ಬೇರೆ ಎಂದು ಹಲವು ವಿವರಣೆಗಳಿವೆ, ಯಾವುದೂ ಪೂರ್ತಿ ಸಾಲದು. ಹಾಗೆಂದು ರೋಗ ಇಲ್ಲವೆಂದಲ್ಲ. ದೇಶದಲ್ಲಿ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಮಂದಿಗೆ ಬರುತ್ತದೆ, ಬಂದವರಲ್ಲಿ ಬಹುಪಾಲು ಜನ ಉಳಿಯುವುದಿಲ್ಲ, ಏಕೆಂದರೆ ಗೊತ್ತಾಗುವುದೇ ತಡವಾಗಿ. ದೇಶದಲ್ಲೇ ಅತಿ ಹೆಚ್ಚಿರುವುದು ಮಿಜೋರಾಂನಲ್ಲಿ. ಅಲ್ಲಿ ಹೊಗೆಯಲ್ಲಿಟ್ಟ ಮಾಂಸ, ಉಪ್ಪು ಹೆಚ್ಚಿರುವ ಆಹಾರ, ತುಯಿಬುರ್ ಎನ್ನುವ ತಂಬಾಕಿನ ಹೊಗೆ ಹಾಯಿಸಿದ ನೀರಿನ ಬಳಕೆ ಇವೆಲ್ಲ ಸೇರಿಕೊಂಡಿವೆ. ನಮ್ಮ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳು ಸೇರಿವೆ. ಆಶಾ ಅಕ್ಕಂದಿರು ಮನೆಗೆ ಬಂದು ಫಾರಂ ತುಂಬಿಸಿಕೊಂಡು ಹೋಗುವುದು ಅದಕ್ಕಾಗಿಯೇ. ಜಠರ ಆ ಪಟ್ಟಿಯಲ್ಲಿಲ್ಲ. ಅದನ್ನು ಅಸಡ್ಡೆ ಎಂದು ಬಗೆಯಬೇಡಿ, ಅದರ ಹಿಂದೆ ಲೆಕ್ಕವಿದೆ.

ಆ ಲೆಕ್ಕ ಹೀಗೆ ಹೋಗುತ್ತದೆ. ಒಂದು ದೊಡ್ಡ ಹಳ್ಳಿಯಲ್ಲಿ ಸಾವಿರ ಜನ ವಯಸ್ಕರು, ಎಲ್ಲರೂ ಆರೋಗ್ಯವಂತರು ಎನ್ನೋಣ. ಉದಾಹರಣೆಗೆಂದು 600 ಜನರಿಗೆ ಸೋಂಕಿದೆ ಎಂದು ಹಿಡಿಯೋಣ. ಪರೀಕ್ಷೆ ನೂರಕ್ಕೆ 95ರಷ್ಟು ನಿಖರವಾಗಿದ್ದರೆ 570 ಜನರನ್ನು ಸರಿಯಾಗಿ ಹಿಡಿಯುತ್ತದೆ, 30 ಜನರನ್ನು ತಪ್ಪಿಸಿಕೊಳ್ಳಲು ಬಿಡುತ್ತದೆ, ಸೋಂಕೇ ಇಲ್ಲದ 400 ಜನರಲ್ಲಿ 20 ಮಂದಿಗೆ ಇದೆ ಎಂದು ತಪ್ಪು ಹೇಳುತ್ತದೆ. ಈಗ 590 ಜನರಿಗೆ ಎರಡು ವಾರ ನಾಲ್ಕು ಬಗೆಯ ಔಷಧಿ. ಕ್ಯಾನ್ಸರಿನ ಜೀವಮಾನದ ಅಪಾಯ ನೂರಕ್ಕೆ ಒಂದು ಇದ್ದು, ಚಿಕಿತ್ಸೆ ಅದನ್ನು ಅರ್ಧಕ್ಕಿಳಿಸುತ್ತದೆ ಎಂದಾದರೆ, ಒಬ್ಬರನ್ನು ಕ್ಯಾನ್ಸರಿನಿಂದ ಉಳಿಸಲು 200 ಜನ ಔಷಧಿ ನುಂಗಬೇಕು. ಅಪಾಯ ನೂರಕ್ಕೆ ಮೂರು ಇರುವ ಕಡೆ 67 ಜನ ಸಾಕು. ಅಪಾಯ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಇರುವ ಊರಿನಲ್ಲಿ ಈ ಸಂಖ್ಯೆ ಬೆಳೆಯುತ್ತಾ ಹೋಗುತ್ತದೆ. ಉಳಿದ ಒಂದು ಜೀವ ಯಾರ ಮನೆಯದೋ ಅವರಿಗೆ 200 ದೊಡ್ಡ ಸಂಖ್ಯೆಯಲ್ಲ, ನಿಜ. ದೊಡ್ಡಪ್ಪನನ್ನು ಕಳೆದುಕೊಂಡ ನಾನು ಅದನ್ನು ಹಗುರವಾಗಿ ಹೇಳಲಾರೆ. ಆದರೆ ಆ 199 ಜನ ನುಂಗುವ ಆ್ಯಂಟಿಬಯಾಟಿಕ್ ಕೂಡ ಎಲ್ಲೋ ಲೆಕ್ಕಕ್ಕೆ ಸೇರಬೇಕು. ನಮ್ಮಲ್ಲಿ ಈ ಚಿಕಿತ್ಸೆಗೆ ಬಳಸುವ ಆ್ಯಂಟಿಬಯಾಟಿಕ್ ಮೆಟ್ರೋನಿಡಜೋಲ್‌ಗೆ ಈ ಬ್ಯಾಕ್ಟೀರಿಯಾ ಈಗಾಗಲೇ ಬಹಳಷ್ಟು ಜಗ್ಗದಾಗಿದೆ, ಭೇದಿಗೆಂದು ಅಂಗಡಿಯಲ್ಲಿ ಕೇಳಿ ತಂದು ಎರಡು ಮಾತ್ರೆ ನುಂಗಿ ಬಿಟ್ಟ ವರ್ಷಗಳ ಫಲವೂ ಅದರಲ್ಲಿದೆ.

ಅದೇ ಸಾವಿರ ಜನರಿಗೆ ಶಿಬಿರ ಹಾಕಿ ಎಂಡೋಸ್ಕೋಪಿ ಮಾಡಿದರೆ? ಒಬ್ಬರಲ್ಲೂ ಕ್ಯಾನ್ಸರ್ ಸಿಗದೆ ಹೋಗುವುದೇ ಹೆಚ್ಚು ಸಂಭವ. ಸಿಗುವುದು ಸಣ್ಣಪುಟ್ಟ ಕೆಂಪು, ಸಣ್ಣ ಗಂಟು, ಅನುಮಾನದ ಮಚ್ಚೆ. ಅದಕ್ಕೆ ಚೂರು ತೆಗೆದು ನೋಡುವ ಬಯಾಪ್ಸಿ, ಆಮೇಲೆ ಮತ್ತೊಂದು ಎಂಡೋಸ್ಕೋಪಿ, ನಡುವೆ ನಿದ್ದೆಯಿಲ್ಲದ ರಾತ್ರಿಗಳು. ಬೆಳಿಗ್ಗೆ ಆರೋಗ್ಯವಂತನಾಗಿ ಶಿಬಿರಕ್ಕೆ ಹೋದವನು ಸಂಜೆಗೆ ರೋಗಿಯಾಗಿ ಮನೆಗೆ ಬರುತ್ತಾನೆ. ಹುಷಾರಿಲ್ಲದವನು ವೈದ್ಯರ ಬಳಿ ಹೋಗುವುದಕ್ಕೂ ಹುಷಾರಾಗಿರುವವನನ್ನು ಕರೆದು ಪರೀಕ್ಷಿಸುವುದಕ್ಕೂ ಇರುವ ಅಂತರ ಇದೇ. ಮೊದಲನೆಯದರಲ್ಲಿ ನೋವು ಈಗಾಗಲೇ ಇದೆ, ವೈದ್ಯರು ಕೈಲಾದ ಸಹಾಯ ಮಾಡುತ್ತಾರೆ. ಎರಡನೆಯದರಲ್ಲಿ ಕರೆದವರ ಮೇಲೆ ಭಾರ ಹೆಚ್ಚು. ಕರೆದದ್ದರಿಂದ ಒಳ್ಳೆಯದೇ ಹೆಚ್ಚು ಆಗುತ್ತದೆ ಎಂದು ಅವರು ಮೊದಲೇ ತೋರಿಸಬೇಕು.

"ಬೇಗ ಪತ್ತೆಯಾದವರು ಹೆಚ್ಚು ವರ್ಷ ಬದುಕಿದರು" ಎಂಬ ಮಾತು ಕೇಳಿದಾಗ ಇನ್ನೊಂದು ಎಚ್ಚರ ಬೇಕು. ಒಬ್ಬರಿಗೆ 65ನೇ ವಯಸ್ಸಿನಲ್ಲಿ ರೋಗದ ಲಕ್ಷಣ ಕಾಣಿಸಿ 67ಕ್ಕೆ ತೀರಿಕೊಂಡರು ಎನ್ನಿ, ಪತ್ತೆಯಾದ ಮೇಲೆ ಬದುಕಿದ್ದು ಎರಡು ವರ್ಷ. ಅವರಿಗೇ 60ರಲ್ಲಿ ತಪಾಸಣೆಯಿಂದ ಗೊತ್ತಾಗಿ, ಚಿಕಿತ್ಸೆ ಏನೂ ಫಲಿಸದೆ 67ಕ್ಕೇ ತೀರಿಕೊಂಡಿದ್ದರೆ ಲೆಕ್ಕದಲ್ಲಿ ಏಳು ವರ್ಷ ಬದುಕಿದಂತಾಯಿತು. ಆಯಸ್ಸು ಒಂದು ದಿನವೂ ಬೆಳೆದಿಲ್ಲ, ರೋಗಿಯೆಂಬ ಹೆಸರು ಹೊತ್ತ ಕಾಲ ಬೆಳೆದಿದೆ. ಕೊರಿಯಾದಲ್ಲಿ ಥೈರಾಯ್ಡ್ ವಿಷಯದಲ್ಲಿ ಇದಕ್ಕಿಂತ ಮುಂದೆ ಹೋಯಿತು. ಆರೋಗ್ಯವಂತರ ಕುತ್ತಿಗೆಗೆಲ್ಲ ಸ್ಕ್ಯಾನ್ ಮಾಡುತ್ತಾ ಹೋದಾಗ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ ಹದಿನೈದು ಪಟ್ಟಾಯಿತು, ಅದರಿಂದ ಸಾಯುವವರ ಸಂಖ್ಯೆಯಲ್ಲಿ ಬದಲಾವಣೆಯೇ ಇಲ್ಲ. ಕಂಡದ್ದರಲ್ಲಿ ಬಹುಪಾಲು ಯಾರನ್ನೂ ಕೊಲ್ಲದ ಗಂಟುಗಳು. ಹಾಗಾಗಿ ತಪಾಸಣೆಯನ್ನು ಅಳೆಯಬೇಕಾದ್ದು ಎಷ್ಟು ಕ್ಯಾನ್ಸರ್ ಸಿಕ್ಕವು ಎಂಬುದರಿಂದಲ್ಲ, ಎಷ್ಟು ಸಾವು ತಪ್ಪಿದವು ಎಂಬುದರಿಂದ.

ಇಷ್ಟು ಹೇಳಿದ ಮೇಲೆ ತಮ್ಮ ಸುಮ್ಮನಾದ. "ಹಂಗಾರೆ ಬ್ಯಾಡ ಅಂತೀಯಾ?" ಎಂದ. ಇಲ್ಲ ಮಾರಾಯಾ, ನಿನಗೆ ಬೇಕು ಅಂತೀನಿ ಎಂದೆ.

ಏಕೆಂದರೆ ಇಷ್ಟು ಹೊತ್ತು ಆಡಿದ ಲೆಕ್ಕ ಊರಿಗೆಲ್ಲ ಸೇರಿದ ಸರಾಸರಿ ಅಪಾಯದ್ದು. ಅವನ ಅಪಾಯ ಸರಾಸರಿಯದಲ್ಲ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಒಬ್ಬರಿಗೆ ಜಠರದ ಕ್ಯಾನ್ಸರ್ ಬಂದಿದ್ದರೆ ಉಳಿದವರ ಅಪಾಯ ಬೇರೆಯವರಿಗಿಂತ ಎರಡು ಮೂರು ಪಟ್ಟು. ರಕ್ತದ ನಂಟೂ ಕಾರಣ, ಒಂದೇ ಒಲೆಯ ಊಟ, ಒಂದೇ ಸೋಂಕೂ ಕಾರಣ. ಕೊರಿಯಾದಲ್ಲಿ ಅಂಥವರನ್ನೇ ಆರಿಸಿ, ಸೋಂಕಿದ್ದ 1,676 ಜನರನ್ನು ಸುಮಾರು ಒಂಬತ್ತು ವರ್ಷ ನೋಡಿದರು. ಅದರ ವರದಿ 2020ರಲ್ಲಿ ಬಂತು. ಹುಸಿ ಮಾತ್ರೆಯವರಲ್ಲಿ ನೂರಕ್ಕೆ 2.7 ಜನರಿಗೆ ಕ್ಯಾನ್ಸರ್, ಔಷಧಿ ಪಡೆದವರಲ್ಲಿ ನೂರಕ್ಕೆ 1.2. ಸೋಂಕು ನಿಜಕ್ಕೂ ಹೋಯಿತೆಂದು ಖಚಿತವಾದವರಲ್ಲಿ 0.8 ಮಾತ್ರ. ಕೊರಿಯಾದ ಅಂಕಿಗಳನ್ನು ಹಾಗೇ ತಂದು ಹರಿಹರ ತಾಲ್ಲೂಕಿನಲ್ಲಿ ನೆಡಲಾಗದು, ನಮ್ಮಲ್ಲಿ ಬುಡದ ಅಪಾಯವೇ ಕಡಿಮೆ. ಆದರೆ ದಿಕ್ಕು ಸ್ಪಷ್ಟ. ಅದಕ್ಕೇ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಇಂಥ ರಕ್ತಸಂಬಂಧಿಗಳಿಗೆ ಲಕ್ಷಣ ಇಲ್ಲದಿದ್ದರೂ ಸೋಂಕಿನ ಪರೀಕ್ಷೆ ಮಾಡಿ, ಇದ್ದರೆ ಚಿಕಿತ್ಸೆ ಕೊಡಿ ಎನ್ನುತ್ತವೆ. ನನಗೆ ಅವರು ದೊಡ್ಡಪ್ಪ. ನನ್ನ ಅಪ್ಪ ಎಂಬತ್ತು ದಾಟಿದ್ದಾರೆ, ಅವ್ವನ ಕಡೆಯಲ್ಲೂ ಈ ರೋಗ ಇಲ್ಲ. ನನ್ನದು ಊರಿನ ಸರಾಸರಿಗಿಂತ ಹೆಚ್ಚು ದೂರ ಹೋಗದ ಅಪಾಯ. ಕಟ್ಟೆ ಒಂದೇ, ಉತ್ತರ ಎರಡು ಎಂದದ್ದು ಇದಕ್ಕೆ.

ಇನ್ನು ಯಾವ ಪರೀಕ್ಷೆ ಎಂಬುದು. ಕರಪತ್ರದಲ್ಲಿದ್ದ ರಕ್ತ ಪರೀಕ್ಷೆ ಹುಡುಕುವುದು ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ಸೋಂಕು ಹೋದ ಮೇಲೂ ತಿಂಗಳು, ವರ್ಷಗಟ್ಟಲೆ ರಕ್ತದಲ್ಲಿರುತ್ತವೆ. ಕಳ್ಳ ಎಂದೋ ಮನೆಗೆ ಬಂದಿದ್ದ ಎನ್ನಬಲ್ಲವೇ ಹೊರತು ಈಗ ಒಳಗಿದ್ದಾನೆಯೇ ಎಂದು ಹೇಳಲಾರವು. ಅದೊಂದನ್ನೇ ನಂಬಿ ಔಷಧಿ ಶುರುಮಾಡುವುದು ಸರಿಯಲ್ಲ. ಈಗಿನ ಸೋಂಕನ್ನು ತೋರಿಸುವ ಸುಲಭ ಪರೀಕ್ಷೆಗಳು ಎರಡು. ಒಂದು ಮಲದಲ್ಲಿ ಬ್ಯಾಕ್ಟೀರಿಯಾದ ಅಂಶವನ್ನು ಹುಡುಕುವುದು. ಇನ್ನೊಂದು ಉಸಿರಿನ ಪರೀಕ್ಷೆ, ನೆನಪಿಡಿ ಎಂದಿದ್ದ ಕಿಣ್ವ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುರುತು ಹಚ್ಚಿದ ಕಾರ್ಬನ್ ಇರುವ ಯೂರಿಯಾವನ್ನು ಕುಡಿಸುತ್ತಾರೆ. ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾವನ್ನು ಒಡೆಯುತ್ತದೆ, ಆ ಗುರುತಿನ ಕಾರ್ಬನ್ ಸ್ವಲ್ಪ ಹೊತ್ತಿಗೆ ಉಸಿರಿನಲ್ಲಿ ಹೊರಬರುತ್ತದೆ. ಚೀಲದೊಳಗೆ ಉಸಿರು ಊದಿ ಕೊಟ್ಟರೆ ಮುಗಿಯಿತು. ಎಷ್ಟು ಚೆಂದದ ಉಪಾಯ, ಪ್ರತಿ ವರ್ಷ ತರಗತಿಯಲ್ಲಿ ಹೇಳುವಾಗಲೂ ನನಗೆ ಖುಷಿಯಾಗುತ್ತದೆ.

ಈ ಎರಡೂ ಪರೀಕ್ಷೆಗಳನ್ನು ಕೆಡಿಸುವ ವಸ್ತುವೊಂದು ನಮ್ಮ ಮನೆಮನೆಯಲ್ಲಿದೆ, ಅದೇ ಗ್ಯಾಸಿನ ಮಾತ್ರೆ. ದಾವಣಗೆರೆಯ ಸಂಜೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಇದ್ದೇ ಇದೆ, ಬೆಳಿಗ್ಗೆ ಎದ್ದರೆ ಖಾಲಿಹೊಟ್ಟೆಗೆ ಪ್ಯಾಂಟೋಪ್ರಜೋಲ್ ಅಥವಾ ಒಮೆಪ್ರಜೋಲ್ ಕೂಡ ಬಹಳ ಜನರಿಗೆ ಅಷ್ಟೇ ರೂಢಿ. ಮಿರ್ಚಿಯಿಂದ ಹುಣ್ಣಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಉರಿ ಹೆಚ್ಚಬಹುದು, ಆದರೆ ಹುಣ್ಣಿಗೆ ಮುಖ್ಯ ಕಾರಣ ಈ ಬ್ಯಾಕ್ಟೀರಿಯಾ, ಮತ್ತೆ ಮಂಡಿನೋವಿಗೆ ನುಂಗುವ ನೋವಿನ ಮಾತ್ರೆಗಳು. ಈ ಗ್ಯಾಸಿನ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅಡಗಿಸುತ್ತದೆ. ಆಗ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬರಬಹುದು. ಆದ್ದರಿಂದ ವೈದ್ಯರನ್ನು ಕೇಳಿ ಎರಡು ವಾರ ಮೊದಲು ಆ ಮಾತ್ರೆ ನಿಲ್ಲಿಸಿರಬೇಕು, ಆ್ಯಂಟಿಬಯಾಟಿಕ್ ತಗೊಂಡು ನಾಲ್ಕು ವಾರವಾಗಿರಬೇಕು. ಲ್ಯಾಬಿನವರು ಇದನ್ನು ಕೇಳದಿದ್ದರೆ ನೀವೇ ಹೇಳಿ.

ಗ್ಯಾಸಿನ ಮಾತ್ರೆಯ ಮಾತು ಬಂದರೆ ದೊಡ್ಡಪ್ಪನ ನೆನಪಾಗುತ್ತದೆ. ಅನ್ನ ಸೇರುತ್ತಿಲ್ಲ ಎನ್ನುತ್ತಿದ್ದರು. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿತೆಂದು ತಟ್ಟೆ ಸರಿಸುತ್ತಿದ್ದರು. ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ವಯಸ್ಸಾಯಿತು ಎಂದೆವು, ನಾನೂ ಎಂದೆ. ಮೆಡಿಕಲ್ ಅಂಗಡಿಯ ಮಾತ್ರೆಯಲ್ಲಿ ಒಂದು ವರ್ಷ ಕಳೆಯಿತು, ಅದರಿಂದ ಸ್ವಲ್ಪ ಹಾಯೆನಿಸುತ್ತಿತ್ತು ಕೂಡ. ಆ ಮಾತ್ರೆ ಕ್ಯಾನ್ಸರಿನ ಉರಿಯನ್ನೂ ಕೆಲವೊಮ್ಮೆ ತಣಿಸಿ ಮರೆಮಾಡಬಲ್ಲದು. ಕಪ್ಪಗೆ ಡಾಂಬರಿನಂತೆ ಮಲವಿಸರ್ಜನೆ ಆದ ಮೇಲೆ ಎಂಡೋಸ್ಕೋಪಿ ಮಾಡಿಸಿದ್ದು, ಆಗ ಅದು ಯಕೃತ್ತಿಗೆ ಹಬ್ಬಿತ್ತು. ಅವರಿಗೆ ಬೇಕಿದ್ದದ್ದು ತಪಾಸಣೆ ಅಲ್ಲ. ಲಕ್ಷಣ ಕಂಡವರಿಗೆ ಬೇಕಾದ್ದು ನೇರ ಎಂಡೋಸ್ಕೋಪಿ, ಅದರಲ್ಲಿ ಲೆಕ್ಕಾಚಾರಕ್ಕೆ ಎಡೆಯೇ ಇಲ್ಲ. ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ಬಿಡದ ವಾಂತಿ, ಕಪ್ಪು ಮಲ, ಕಾರಣ ತಿಳಿಯದ ರಕ್ತಹೀನತೆ, ಐವತ್ತರ ನಂತರ ಹೊಸದಾಗಿ ಶುರುವಾದ ಅಜೀರ್ಣ, ಇವುಗಳಲ್ಲಿ ಯಾವುದಿದ್ದರೂ ಈ ಲೇಖನದ ಅಂಕಿಅಂಶಗಳೆಲ್ಲ ನಿಮಗೆ ಸಂಬಂಧಿಸಿದ್ದಲ್ಲ. ಓದುವುದನ್ನು ಬಿಟ್ಟು ವೈದ್ಯರನ್ನು ನೋಡಿ.

ತಮ್ಮ ದಾವಣಗೆರೆಗೆ ಬಂದು ಹೊಟ್ಟೆಯ ತಜ್ಞರನ್ನು ಕಂಡ. ಮಲದ ಪರೀಕ್ಷೆಯಲ್ಲಿ ಸೋಂಕಿದೆ ಎಂದು ಬಂತು. ತಂದೆಯ ಕಥೆ ಕೇಳಿ, ವಯಸ್ಸೂ ನಲವತ್ತು ದಾಟಿದೆ ಎಂದು ವೈದ್ಯರು ಒಂದು ಸಲ ಎಂಡೋಸ್ಕೋಪಿಯನ್ನೂ ಮಾಡಿ, ಐದು ಕಡೆಯಿಂದ ಚೂರು ತೆಗೆದು ಕಳಿಸಿದರು. ಗದ್ದೆ ಎಷ್ಟು ಸವಳಾಗಿದೆ ಎಂದು ನೋಡುವುದಕ್ಕೆ ಅದೇ ದಾರಿ. ವರದಿಯಲ್ಲಿ ಉರಿಯೂತ ಮಾತ್ರ ಇತ್ತು, ಗ್ರಂಥಿಗಳು ಉಳಿದಿದ್ದವು, ಜೇಕು ಹುಟ್ಟಿರಲಿಲ್ಲ. ಹುಟ್ಟಿದ್ದರೆ, ಅದೂ ಜಠರದ ಹೆಚ್ಚು ಭಾಗಕ್ಕೆ ಹಬ್ಬಿದ್ದರೆ, ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಬೇಕಿತ್ತು.

ಆಮೇಲೆ ಹದಿನಾಲ್ಕು ದಿನದ ಔಷಧಿ. ಆಮ್ಲ ತಗ್ಗಿಸುವ ಮಾತ್ರೆ, ಬಿಸ್ಮತ್, ಎರಡು ಆ್ಯಂಟಿಬಯಾಟಿಕ್. ದಿನಕ್ಕೆ ಹಿಡಿ ಮಾತ್ರೆ. ಬಾಯಲ್ಲಿ ತಾಮ್ರದ ಚೊಂಬು ನೆಕ್ಕಿದಂಥ ರುಚಿ, ಊಟ ಬೇಡ ಎನ್ನುತ್ತಿದ್ದ. ನಾಲ್ಕನೆಯ ದಿನ ಫೋನ್ ಮಾಡಿ, "ಅಕ್ಕಾ, ಅಪ್ಪಂಗೆ ಆದಂಗೆ ಕಪ್ಪಗಾಗೇತಿ" ಎಂದಾಗ ಅವನ ದನಿ ನಡುಗುತ್ತಿತ್ತು. ಬಿಸ್ಮತ್ ನುಂಗಿದರೆ ಮಲ ಕಪ್ಪಾಗುತ್ತದೆ, ಅದು ರಕ್ತವಲ್ಲ. ಔಷಧಿ ಬರೆದವರು ಇದೊಂದನ್ನು ಮೊದಲೇ ಹೇಳಿದ್ದರೆ ಆ ರಾತ್ರಿ ಅವನಿಗೆ ನಿದ್ದೆ ಇರುತ್ತಿತ್ತು. ಮೆಟ್ರೋನಿಡಜೋಲ್ ಇರುವಷ್ಟು ದಿನ ಮದ್ಯ ಮುಟ್ಟುವಂತಿಲ್ಲ ಎಂಬುದೂ ಹಾಗೆ ಮೊದಲೇ ಹೇಳಬೇಕಾದ ಮಾತು. ಒಂಬತ್ತನೆಯ ದಿನಕ್ಕೆ ಸಾಕಾಯಿತೆಂದು ಬಿಡುವವರಿದ್ದಾರೆ. ಅರ್ಧಕ್ಕೆ ಬಿಟ್ಟರೆ ಉಳಿಯುವುದು ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ, ಎರಡನೆಯ ಸಲದ ಚಿಕಿತ್ಸೆ ಮೊದಲಿಗಿಂತ ಕಷ್ಟ. ಅವನು ಬಿಡಲಿಲ್ಲ.

ಮುಗಿದ ಮೇಲೆ ನಾಲ್ಕು ವಾರ ಕಳೆದು ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು, ಹೆಚ್ಚಿನವರು ತಪ್ಪಿಸುವುದು ಇದನ್ನೇ. ಕೊರಿಯಾದ ಆ 1.2 ಮತ್ತು 0.8ರ ನಡುವಿನ ಅಂತರ ಇರುವುದು ಇಲ್ಲಿ. ಔಷಧಿ ನುಂಗಿದ್ದು ಬೇರೆ, ಸೋಂಕು ಹೋದದ್ದು ಬೇರೆ. ನಾಟಿಯ ಕೆಲಸ ಇದೆ, ಮುಂದಿನ ತಿಂಗಳು ಹೋಗ್ತೀನಿ ಎಂದು ಅವನೂ ಎರಡು ಸಲ ಮುಂದೂಡಿದ. ಕಡೆಗೆ ನಾನೇ ಊರಿಗೆ ಹೋಗಿ ಬಸ್ಸು ಹತ್ತಿಸಿದೆ. ಸೋಂಕು ಇಲ್ಲ ಎಂದು ಬಂತು.

ವರದಿ ತಂದ ದಿನ ದೊಡ್ಡಮ್ಮ ರೊಟ್ಟಿ ತಟ್ಟುತ್ತಾ, ಮೊಮ್ಮಗಳಿಗೂ ಮಾಡಿಸಬೇಕೇನವ್ವಾ ಎಂದು ಕೇಳಿದರು. ಅವಳಿಗೆ ಒಂಬತ್ತು ವರ್ಷ. ಏನೂ ತೊಂದರೆ ಇಲ್ಲದ ಮಕ್ಕಳಿಗೆ ಈ ಪರೀಕ್ಷೆ ಬೇಡವೆಂದೇ ಮಕ್ಕಳ ವೈದ್ಯರ ನಿಲುವು, ದೊಡ್ಡವಳಾದ ಮೇಲೆ ನೋಡೋಣ ಎಂದೆ. ದೊಡ್ಡಮ್ಮ ತಲೆಯಾಡಿಸಿ, ತಮಗೆ ಯಾಕೆ ಯಾರೂ ಹೇಳಲಿಲ್ಲ ಎಂದರು. ನಲವತ್ತೈದು ವರ್ಷ ಒಂದೇ ಮನೆ, ಒಂದೇ ಒಲೆ. ರಕ್ತದ ನಂಟಿಲ್ಲ, ಆದರೆ ಸೋಂಕಿನ ನಂಟು ಇರಬಹುದು, ಒಂದೇ ಮನೆಯ ದೊಡ್ಡವರನ್ನೆಲ್ಲ ಒಟ್ಟಿಗೆ ಪರೀಕ್ಷಿಸುವುದು ಒಳ್ಳೆಯದು ಎಂದು ಇತ್ತೀಚೆಗೆ ಕೆಲವು ತಜ್ಞರು ಹೇಳುತ್ತಿದ್ದಾರೆ. ಜೊತೆಗೆ ಅವರು ಮಂಡಿನೋವಿಗೆ ದಿನಾ ಒಂದು ಮಾತ್ರೆ ನುಂಗುತ್ತಾರೆ, ಸೋಂಕೂ ಆ ಮಾತ್ರೆಯೂ ಸೇರಿದರೆ ಹುಣ್ಣಿನ ಅಪಾಯ ಹೆಚ್ಚು. ಸೋಮವಾರ ಅವರನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿದೆ. ಗ್ಯಾಸಿನ ಮಾತ್ರೆ ಎರಡು ವಾರದ ಹಿಂದೆಯೇ ಡಬ್ಬಿಯಿಂದ ತೆಗೆಸಿದ್ದೇನೆ.